ಹದಿನಾಲ್ಕನೇ ನಂಬರು ಕಿಟಕಿ ಕಡೆ

ನನ್ನ ಮಾವನವರಿಗೆ ಕೂತು ಗೊತ್ತಿಲ್ಲ. ಊಟಕ್ಕೆ ಕೂತರೂ ಯಾರೋ ಈಗಲೇ ಕೂಗುತ್ತಾರೆ ಅನ್ನುವ ಹಾಗೆ ಅರ್ಧ ಎದ್ದೇ ಇರುತ್ತಾರೆ. ಕೊನೆಯ ತುತ್ತು ಬಾಯಲ್ಲಿರುವಾಗಲೇ ಅಡುಗೆಮನೆಯಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಮತ್ತೆ ಅಡುಗೆಮನೆಗೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು. ಹಾಗೆ ಓಡಾಡುತ್ತಲೇ ತಿಂದ ಊಟದ ವರದಿಯನ್ನೂ ಒಪ್ಪಿಸುತ್ತಾರೆ.

"ಈಗ ಅನ್ನನಾಳ ದಾಟ್ತು ನೋಡಮ್ಮ. ಎಂಟು ಸೆಕೆಂಡು ಅಷ್ಟೇ. ಅದು ಬೀಳೋದಲ್ಲ, ನಾಳ ಹಿಂಡಿ ಹಿಂಡಿ ಕೆಳಕ್ಕೆ ತಳ್ಳತ್ತೆ. ತಲೆಕೆಳಗಾಗಿ ನಿಂತು ತಿಂದ್ರೂ ಹೊಟ್ಟೆಗೇ ಹೋಗತ್ತೆ."

ನನ್ನ ಗಂಡ ಚಿಕ್ಕವನಿದ್ದಾಗ ಈ ಮಾತು ನಂಬಿ, ಗೋಡೆಗೆ ಕಾಲು ಚಾಚಿ ತಲೆಕೆಳಗಾಗಿ ನಿಂತು ಬಾಳೆಹಣ್ಣು ತಿಂದನಂತೆ. ಅರ್ಧ ಹೊಟ್ಟೆಗೆ ಹೋಯಿತು, ಅರ್ಧ ಮೂಗಿನಿಂದ ಬಂತು. ಅತ್ತೆ ಇಬ್ಬರಿಗೂ ಬೈದರಂತೆ. ಮಾವ ಮಾತ್ರ ಹೋದ ಅರ್ಧದ ಬಗ್ಗೆಯೇ ಖುಷಿಪಟ್ಟರಂತೆ.

ಬೀದಿಯವರು ಅವರನ್ನು ಹೊಟ್ಟೆ ಮೇಷ್ಟ್ರು ಅಂತ ಕರೆಯುತ್ತಾರೆ. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಶಾಲೆಗಳಿಗೆ ಹೊಟ್ಟೆ ಮಾಡಿಕೊಡುವವರು. ವಿಜ್ಞಾನದ ಕೋಣೆಯ ಮೂಲೆಯಲ್ಲಿ ಕೈಯಿಲ್ಲದ, ಕಾಲಿಲ್ಲದ, ಅರ್ಧ ಮುಖದ ಮನುಷ್ಯನೊಬ್ಬ ಹೊಟ್ಟೆ ತೆರೆದುಕೊಂಡು ನಿಂತಿರುತ್ತಾನಲ್ಲ, ಅವನು ಹುಟ್ಟುವುದು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ. ಕೆಳಗೆ ಟೈರಿನ ಅಂಗಡಿ, ಮೇಲೆ ನಾವು. ಮುಂದಿನ ದೊಡ್ಡ ಕೋಣೆ ಕಾರ್ಖಾನೆ, ಹಿಂದಿನ ಎರಡು ಕೋಣೆ ಮನೆ. ಎಲ್ಲಿ ಕಾರ್ಖಾನೆ ಮುಗಿದು ಎಲ್ಲಿ ಮನೆ ಶುರುವಾಗುತ್ತದೆ ಅನ್ನುವುದು ಅಂಟಿನ ವಾಸನೆಗೆ ಗೊತ್ತಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ನೀರು ಕುಡಿಯಲು ಲೋಟ ತೆಗೆದರೆ ಅದರಲ್ಲಿ ನಾಲ್ಕು ಪಿತ್ತಕೋಶ ಒಣಗುತ್ತಿದ್ದವು.

ಕೆಲಸ ಹೀಗೆ. ಹಳೆ ಕಾಗದ ನೆನೆಸಿ, ರುಬ್ಬಿ, ಅಂಟು ಕಲಸಿ, ಆ ಮುದ್ದೆಯನ್ನು ಪ್ಲಾಸ್ಟರಿನ ಅಚ್ಚಿಗೆ ಒತ್ತುವುದು ಮಾವನ ಕೆಲಸ. ಒಣಗಿದ ಮೇಲೆ ಉಜ್ಜಿ ನಯ ಮಾಡಿ ಬಣ್ಣ ಹಚ್ಚುವುದು ನನ್ನ ಕೆಲಸ. ಜಠರಕ್ಕೆ ಗುಲಾಬಿ, ಲಿವರಿಗೆ ಕೆಂಪುಗಂದು, ಪಿತ್ತಕೋಶಕ್ಕೆ ಹಸಿರು, ಜಠರದ ಹಿಂದೆ ಅಡಗಿ ಮಲಗಿರುವ ಮೇದೋಜೀರಕ ಗ್ರಂಥಿಗೆ ಹಳದಿ. ಆಮೇಲೆ ಒಂದೊಂದಕ್ಕೂ ನಂಬರು. ಒಂದು ಬಾಯಿ, ಎರಡು ನಾಲಿಗೆ, ಹೀಗೆ ಇಳಿಯುತ್ತಾ ಹೋಗಿ ಹದಿನಾಲ್ಕಕ್ಕೆ ಅಪೆಂಡಿಕ್ಸ್, ಹದಿನೆಂಟಕ್ಕೆ ಗುದದ್ವಾರ. ಸಣ್ಣ ಕರುಳನ್ನು ಮಾತ್ರ ಅಚ್ಚಿನಲ್ಲಿ ಒಂದೇ ಗಂಟಾಗಿ ಒತ್ತುತ್ತೇವೆ. ಬಿಡಿಸಿದರೆ ಆರು ಮೀಟರು ಅಂತ ಮಕ್ಕಳಿಗೆ ತಿಳಿಯುವುದು ಹೇಗೆ? ಅದಕ್ಕೆ ಅತ್ತೆ ಆರು ಮೀಟರಿನ ಬಟ್ಟೆಯ ಕರುಳು ಹೊಲಿದು, ಹತ್ತಿ ತುಂಬಿ, ಒಂದೊಂದು ಬೊಂಬೆಗೂ ಒಂದೊಂದು ಸುರುಳಿ ಜೊತೆ ಮಾಡುತ್ತಾರೆ. ಮೇಷ್ಟರು ಅದನ್ನು ತರಗತಿಯ ಈ ಗೋಡೆಯಿಂದ ಆ ಗೋಡೆಗೆ ಎಳೆದು ತೋರಿಸಿದರೆ ಮಕ್ಕಳು ಕಿರುಚುತ್ತಾರಂತೆ. ನನ್ನ ಗಂಡ ಚೀಲ ಹಿಡಿದು ಶಾಲೆ ಶಾಲೆ ಸುತ್ತಿ ಆರ್ಡರು ತರುತ್ತಾನೆ. ತಿಂಗಳಿಗೆ ಇಪ್ಪತ್ತು ದಿನ ಮನೆಯಲ್ಲಿ ಇರುವುದಿಲ್ಲ.

ನಮ್ಮ ಕಾರ್ಖಾನೆಯಲ್ಲಿ ಎಡ ಬಲ ಅನ್ನುವ ಮಾತೇ ಇಲ್ಲ. ಮಾವನಿಗೆ ಕೆಲಸ ಕಲಿಸಿದ ಯಜಮಾನರು ಹಾಕಿಕೊಟ್ಟ ಪದ್ಧತಿ ಅದು. ಬಲ ಅಂದರೆ ಯಾರ ಬಲ, ಬೊಂಬೆಯದೋ ನಿನ್ನದೋ ಅಂತ ಜಗಳವಾಗಿ ಒಮ್ಮೆ ಹತ್ತು ಲಿವರು ತಪ್ಪು ಕಡೆ ಕೂತವಂತೆ. ಅವತ್ತಿನಿಂದ ಎಡ ಬಲ ಬಂದ್. ಬೊಂಬೆ ಮೇಜಿನ ಮೇಲೆ ನಮಗೆ ಮುಖ ಮಾಡಿ ಕೂರುತ್ತದೆ. ಒಂದು ಪಕ್ಕಕ್ಕೆ ಕಿಟಕಿ, ಒಂದು ಪಕ್ಕಕ್ಕೆ ಬಾಗಿಲು. ಲಿವರು ಕಿಟಕಿ ಕಡೆ, ಜಠರ ಬಾಗಿಲ ಕಡೆ. ಹದಿನಾಲ್ಕನೇ ನಂಬರು ಕಿಟಕಿ ಕಡೆ ಕೆಳಗೆ. ದೊಡ್ಡ ಕರುಳು ಕಿಟಕಿ ಕಡೆ ಹತ್ತಿ, ಅಡ್ಡ ಹೋಗಿ, ಬಾಗಿಲ ಕಡೆ ಇಳಿಯುತ್ತದೆ. ಹನ್ನೊಂದು ವರ್ಷದಲ್ಲಿ ನನಗೂ ಅದು ಕೈಗೆ ಅಂಟಿಹೋಯಿತು. ಕಿಟಕಿ ನನ್ನ ಎಡಗೈ ಪಕ್ಕ. ಎಡಗೈಯಲ್ಲಿ ಬೊಂಬೆ ಹಿಡಿದರೆ ಹೆಬ್ಬೆರಳು ಬೀಳುವುದು ಸರಿಯಾಗಿ ಹದಿನಾಲ್ಕರ ಮೇಲೆ. ಒಂದೇ ಒಂದು ಬೊಂಬೆಯಲ್ಲೂ ತಪ್ಪಾಗಿದ್ದಿಲ್ಲ. ಬೊಂಬೆಗಳೆಲ್ಲ ಸರಿ ಇದ್ದವು, ಅದನ್ನು ಈಗಲೇ ಹೇಳಿಬಿಡುತ್ತೇನೆ.

ಬೀದಿಯಲ್ಲಿ ಯಾರ ಹೊಟ್ಟೆ ಕೆಟ್ಟರೂ ಮೊದಲು ಮಾವನ ಹತ್ತಿರ ಬರುತ್ತಾರೆ. ಬೀಗ ಮಾಡುವವನಿಗೆ ಎದೆಯುರಿ. "ಜಠರದ ಬಾಯಿ ಸರಿ ಮುಚ್ತಿಲ್ಲ, ಹುಳಿ ಮೇಲಕ್ಕೆ ಬರ್ತಿದೆ, ತಿಂದ ತಕ್ಷಣ ಮಲಗಬೇಡ." ವಾಸಿಯಾಯಿತು. ಟೈರಿನಂಗಡಿಯವನಿಗೆ ಹಸಿದಾಗ ಹೊಟ್ಟೆಯ ನಡುವೆ ಸಂಕಟ. "ಅದು ಹುಣ್ಣು, ಆಸ್ಪತ್ರೆಗೆ ಹೋಗು." ಹೋದ, ಹುಣ್ಣೇ ಆಗಿತ್ತು. ಮಾವನ ಹೆಸರು ಏರಿತು. ಈಗ ಯೋಚಿಸಿದರೆ ಅವೆಲ್ಲ ನಡುವಿನ ನೋವುಗಳು. ನಡುವಿಗೆ ಎಡವೂ ಇಲ್ಲ, ಬಲವೂ ಇಲ್ಲ. ಅದಕ್ಕೇ ಇಷ್ಟು ವರ್ಷ ನಾವು ಸಿಕ್ಕಿಬೀಳಲಿಲ್ಲ.

ಆ ಸೋಮವಾರ ನಮಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಹೊಸದಾಗಿ ಕಟ್ಟಿದ ಶಾಲೆಗಳಿಗೆ ಮೂವತ್ತೆರಡು ಬೊಂಬೆ, ಬುಧವಾರ ಹನ್ನೊಂದಕ್ಕೆ ವ್ಯಾನು. ಆರು ಬೊಂಬೆಗೆ ಇನ್ನೂ ನಂಬರು ಬರೆದಿರಲಿಲ್ಲ, ಎರಡಕ್ಕೆ ಬಣ್ಣವೇ ಇರಲಿಲ್ಲ. ಬೆಳಿಗ್ಗೆ ಅತ್ತೆ ಬಾಗಿಲಲ್ಲಿ ನಿಂತು, "ಯಾಕೋ ಹೊಕ್ಕುಳ ಸುತ್ತ ಹಿಂಡ್ತಾ ಇದೆ ಕಣೇ, ತಿಂಡಿ ಸೇರ್ತಿಲ್ಲ" ಅಂದರು. ನನ್ನ ಬಾಯಲ್ಲಿ ಒಂದು ಬ್ರಷ್ಷು, ಕೈಯಲ್ಲಿ ಇನ್ನೊಂದು. ತಿರುಗಿಯೂ ನೋಡದೆ, "ಮಾವನ್ನ ಕೇಳಿ ಅತ್ತೆ" ಅಂದೆ.

ಮಾವ ಓಡಾಡುತ್ತಲೇ ಕೇಳಿದರು, ಓಡಾಡುತ್ತಲೇ ಹೇಳಿದರು. "ನಡುಹೊಟ್ಟೆನಾ? ಗಾಳಿ. ಸಣ್ಣ ಕರುಳಲ್ಲಿ ತಿರುಗ್ತಿದೆ. ಸಂಜೆ ಹೊತ್ತಿಗೆ ದೊಡ್ಡ ಕರುಳಿಗೆ ಇಳಿಯತ್ತೆ, ಹೋಗತ್ತೆ."

ಅತ್ತೆ ಹೋಗಿ ಹೊಲಿಗೆ ಮಿಷನ್ನಿನ ಮುಂದೆ ಕೂತರು. ಮಧ್ಯಾಹ್ನ ವಾಂತಿ ಮಾಡಿಕೊಂಡರು. ಸಂಜೆಗೆ ಕರುಳಿನ ಸುರುಳಿ ಅರ್ಧಕ್ಕೇ ನಿಂತಿತ್ತು.

ಮಂಗಳವಾರ ಅವರು ಏಳಲಿಲ್ಲ. ಮೊಣಕಾಲು ಎದೆಗೆಳೆದುಕೊಂಡು ಮಲಗಿದ್ದರು. ನಾನು ಕಾಫಿ ಹಿಡಿದು ಹೋದರೆ ವಾಸನೆಗೇ ಮುಖ ತಿರುಗಿಸಿದರು.

"ನೋವು ಈಗ ನಡುವೆ ಇಲ್ಲ. ಇಲ್ಲಿಗೆ ಬಂದಿದೆ, ಬಲಗಡೆ" ಅಂತ ಸೀರೆಯ ಮೇಲಿಂದಲೇ ಕೆಳಹೊಟ್ಟೆ ಮುಟ್ಟಿದರು. "ಕೆಮ್ಮಿದ್ರೂ ಚುಚ್ಚತ್ತೆ. ಅದೇನೋ ಹದಿನಾಲ್ಕನೇ ನಂಬರು ಇದೆಯಲ್ಲ, ಅದಿರಬಹುದಾ?"

ನನಗೂ ಒಂದು ಕ್ಷಣ ದಿಗಿಲಾಯಿತು. ಅಪೆಂಡಿಕ್ಸ್ ಊದಿಕೊಂಡರೆ ಹುಡುಗಾಟವಲ್ಲ, ಒಡೆದರೆ ಜೀವಕ್ಕೇ ಬರುತ್ತದೆ ಅಂತ ಬೊಂಬೆಯ ಜೊತೆ ಕೊಡುವ ಹಾಳೆಯಲ್ಲೇ ಅಚ್ಚು ಹಾಕಿಸಿದ್ದೇವೆ. ಮಾವನನ್ನು ಕೂಗಿದೆ. ಅವರು ಕೈಯ ಮುದ್ದೆ ತೊಳೆಯದೆ ಬಂದರು.

"ಯಾವ ಕಡೆ? ಕಿಟಕಿ ಕಡೆನಾ ಬಾಗಿಲ ಕಡೆನಾ?"

"ರೀ, ಈ ಕೋಣೆಗೆ ಕಿಟಕಿ ಎಲ್ಲಿದೆ? ಬಲಗಡೆ."

ಮಾವ ತಮ್ಮ ಎರಡೂ ಕೈ ಮುಂದೆ ಚಾಚಿ, ಎದುರಿಗೆ ಕಾಣದ ಬೊಂಬೆಯೊಂದು ಕೂತಿರುವಂತೆ ಬೆರಳಾಡಿಸಿದರು. ಎಡಗೈ ಹೆಬ್ಬೆರಳು ನಿಂತಿತು. "ಹದಿನಾಲ್ಕು ಇರೋದು ಇಲ್ಲಿ, ಎಡಗಡೆ. ನಿನ್ನ ನೋವು ಬಲಗಡೆ. ಅದು ಬಾಗಿಲ ಕಡೆ ಆಯ್ತು. ಅಲ್ಲಿ ದೊಡ್ಡ ಕರುಳು ಇಳಿಯೋ ಜಾಗ ಬಿಟ್ರೆ ಇನ್ನೇನೂ ಇಲ್ಲ. ಮಲ ಕಟ್ಕೊಂಡಿದೆ, ಅಷ್ಟೇ."

"ಎಡಗಡೆನಾ ಇರೋದು?"

"ನಿನ್ನ ಸೊಸೆನೇ ಕೇಳು."

ಅತ್ತೆ ನನ್ನ ಕಡೆ ನೋಡಿದರು. ನಾನೂ ಕಣ್ಣು ಮುಚ್ಚಿ ಹೆಬ್ಬೆರಳಿನಲ್ಲಿ ಹುಡುಕಿದೆ. ಎಡಗೈ. ಅನುಮಾನವೇ ಇಲ್ಲ. "ಹೌದು ಅತ್ತೆ, ಎಡಗಡೆ" ಅಂದೆ. ನನ್ನ ಎದೆಯ ಭಾರ ಇಳಿಯಿತು. ಅವರ ಮುಖದಲ್ಲಿ ಏನಾಯಿತು ಅಂತ ನಾನು ನೋಡಲಿಲ್ಲ. ಎರಡನೇ ಕೋಟಿನ ಬಣ್ಣ ಕಾಯುತ್ತಿತ್ತು.

ಓದಿದವರು ಕೇಳಬಹುದು, ಇಷ್ಟು ವರ್ಷ ಹೊಟ್ಟೆ ಮಾಡಿದವರಿಗೆ ಇಷ್ಟೂ ಗೊತ್ತಿರಲಿಲ್ಲವೇ ಅಂತ. ಗೊತ್ತಿತ್ತು ಸ್ವಾಮಿ, ಕೈಗೆ ಗೊತ್ತಿತ್ತು. ನಮ್ಮದು ಎದುರಿಗೆ ಕೂತವನ ಹೊಟ್ಟೆ. ಅದನ್ನು ತಿರುಗಿಸಿ ನಮ್ಮ ಮೈಗೆ ಹಾಕಿಕೊಂಡು ನೋಡುವ ಅಗತ್ಯ ಯಾವತ್ತೂ ಬಿದ್ದಿರಲಿಲ್ಲ.

ಮಾವ ಎರಡು ಚಮಚ ಹರಳೆಣ್ಣೆ ಕುಡಿಸಿದರು, ಬಿಸಿನೀರಿನ ಚೀಲ ಇಟ್ಟರು. ಕುಡಿಸಿ ಮತ್ತೆ ಓಡಾಟ. ಅಚ್ಚಿನ ಹತ್ತಿರ ಹೋಗುವುದು, ಬರುವುದು, "ಹೋಯ್ತಾ?" ಅನ್ನುವುದು, ಮತ್ತೆ ಹೋಗುವುದು. ಅತ್ತೆ ಹಲ್ಲು ಕಚ್ಚಿಕೊಂಡು ತಲೆ ಅಲ್ಲಾಡಿಸುತ್ತಿದ್ದರು. ನಾನು ಒಂದು ಲಿವರಿಗೆ ಹಸಿರು ಹಚ್ಚಿ ಒರೆಸಿದೆ.

ಬುಧವಾರ ಬೆಳಿಗ್ಗೆ ಅತ್ತೆಯೇ ಕರೆದು, "ನೋವು ಒಮ್ಮೆಗೇ ಇಳಿದುಬಿಡ್ತು ಕಣೇ" ಅಂದರು. ಮುಖ ಬಿಳಿಚಿಕೊಂಡಿತ್ತು, ಆದರೂ ನಕ್ಕರು. ಮಾವ ಗೆದ್ದವರ ಹಾಗೆ ಕೋಣೆ ತುಂಬ ತಿರುಗಿದರು. "ನಾನು ಹೇಳ್ಲಿಲ್ವಾ? ಡಾಕ್ಟರ ಹತ್ರ ಹೋಗಿದ್ರೆ ಸುಮ್ಮನೆ ಹೊಟ್ಟೆ ಕೊಯ್ದು ಕಳಿಸೋರು."

ವ್ಯಾನು ಹೇಳಿದ ಹೊತ್ತಿಗಿಂತ ಮುಂಚೆಯೇ ಬಂತು. ವ್ಯಾನಿನವನು ಕೆಳಗಿನಿಂದ ಹಾರನ್ನು ಒತ್ತುತ್ತಾ, "ಅಕ್ಕಾ, ಬೇಗ! ಇಲ್ಲಿ ನಿಲ್ಲಿಸೋ ಹಾಗಿಲ್ಲ!" ಅಂತ ಜೀವ ತಿನ್ನುತ್ತಿದ್ದ. ಮೂವತ್ತೊಂದು ಬೊಂಬೆ ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಇಳಿದವು. ಪೆಟ್ಟಿಗೆಯ ಈ ತುದಿ ನಾನು, ಆ ತುದಿ ವ್ಯಾನಿನವನು, ಇಪ್ಪತ್ತೆರಡು ಮೆಟ್ಟಿಲು. ಮೂವತ್ತೆರಡನೆಯದರ ವಾರ್ನಿಶ್ ಮಾತ್ರ ಇನ್ನೂ ಹಸಿ. ಪೆಟ್ಟಿಗೆಗೆ ಹಾಕಿದರೆ ಹುಲ್ಲೆಲ್ಲ ಕರುಳಿಗೆ ಅಂಟುತ್ತದೆ. "ಹಾಗೇ ತಗೊಂಡು ಹೋಗಮ್ಮ, ಮುಂದಿನ ಸೀಟಲ್ಲಿ ಕೂರಿಸು" ಅಂದರು ಮಾವ.

ಮುಖ ನನ್ನ ಕಡೆಗಿಟ್ಟು ಎತ್ತಿದರೆ ವಾರ್ನಿಶ್ ನನ್ನ ಸೀರೆಗೆ. ಹಾಗಾಗಿ ಬೊಂಬೆಯ ಬೆನ್ನನ್ನು ನನ್ನ ಹೊಟ್ಟೆಗೆ ಒತ್ತಿಕೊಂಡು, ಮಗುವನ್ನು ಬೀದಿ ನೋಡಲು ಎತ್ತಿಕೊಳ್ಳುವ ಹಾಗೆ ಎರಡೂ ಕೈಯಲ್ಲಿ ಸುತ್ತಿ ಹಿಡಿದು ಇಳಿಯತೊಡಗಿದೆ. ನಾಲ್ಕು ಮೆಟ್ಟಿಲು ಇಳಿದಿರಬೇಕು. ಕಾಲು ಎಲ್ಲಿ ಇಡುತ್ತಿದ್ದೇನೆ ನೋಡೋಣ ಅಂತ ಬಗ್ಗಿದೆ. ಕಣ್ಣಿಗೆ ಬಿದ್ದದ್ದು ಮೆಟ್ಟಿಲಲ್ಲ. ಸಣ್ಣ ಹುಳುವಿನಂಥ ಹದಿನಾಲ್ಕನೇ ನಂಬರು. ನಾನೇ ಬರೆದ ಅಂಕಿ. ಅದು ನನ್ನ ಬಲಗೈ ಹೆಬ್ಬೆರಳಿನ ಪಕ್ಕ ಇತ್ತು.

ಮೊದಲು ಈ ಬೊಂಬೆಯೇ ತಪ್ಪಾಗಿದೆ ಅನ್ನಿಸಿತು. ಲಿವರು ನೋಡಿದೆ, ಅದೂ ಬಲಕ್ಕೆ. ಜಠರ ಎಡಕ್ಕೆ. ಎಲ್ಲ ತಮ್ಮ ತಮ್ಮ ಜಾಗದಲ್ಲೇ ಇದ್ದವು, ನಾನೊಬ್ಬಳು ತಿರುಗಿ ನಿಂತಿದ್ದೆ. ಬೊಂಬೆಯನ್ನು ಕೆಳಗಿಡಬೇಕು ಅಂತಲೂ ತೋಚಲಿಲ್ಲ, ಅದನ್ನು ಅವುಚಿಕೊಂಡೇ ಮೇಲಕ್ಕೆ ಓಡಿದೆ. ಹಿಂದಿನಿಂದ ವ್ಯಾನಿನವನು, "ಅಕ್ಕಾ, ಮೇಲಲ್ಲ, ಕೆಳಗೆ!" ಅಂತ ಕೂಗಿದ.

"ಮಾವ! ಬಲಗಡೆ! ಹದಿನಾಲ್ಕು ಬಲಗಡೆ!"

"ಏನಾಯ್ತಮ್ಮ? ಕಿಟಕಿ ಕಡೆನೇ ಇದೆಯಲ್ಲ, ಸರಿ ಇದೆ."

"ಕಿಟಕಿ ಹಾಳಾಗ್ಲಿ! ನಾನು ಹಿಡ್ಕೊಂಡಿದೀನಿ ನೋಡಿ. ನನ್ನ ಯಾವ ಕೈ ಹತ್ರ ಇದೆ? ನನ್ನ ಹೊಟ್ಟೆ ಅಂದ್ಕೊಳ್ಳಿ. ಅತ್ತೆ ಹೊಟ್ಟೆ ಅಂದ್ಕೊಳ್ಳಿ!"

ಮದುವೆಯಾಗಿ ಬಂದಾಗಿನಿಂದ ಮಾವನ ಮುಂದೆ ನಾನು ದನಿ ಎತ್ತಿದ್ದು ಅದೇ ಮೊದಲು. ಅವರು ನನ್ನ ಕೈ ನೋಡಿದರು, ಬೊಂಬೆ ನೋಡಿದರು, ತಮ್ಮ ಕೈ ನೋಡಿಕೊಂಡರು. ಇನ್ನೂ ಅರ್ಥವಾಗಿರಲಿಲ್ಲ. ನಾನು ಕಾಯಲಿಲ್ಲ, ಬೊಂಬೆಯನ್ನು ಅವರ ಕೈಗಿಟ್ಟು ಒಳಗೆ ಓಡಿದೆ.

ಅತ್ತೆ ನಡುಗುತ್ತಿದ್ದರು. ಹಣೆ ಕೆಂಡ. ಇಳಿದಿದ್ದ ನೋವು ಈಗ ಹೊಟ್ಟೆ ಪೂರ್ತಿ ಹರಡಿತ್ತು. ಕೈಯಿಟ್ಟು ನೋಡಿದೆ. ಹಲಗೆ ಮುಟ್ಟಿದ ಹಾಗಿತ್ತು. ಮನುಷ್ಯರ ಹೊಟ್ಟೆ ಹಾಗಿರಬಾರದು ಅಂತ ತಿಳಿಯಲು ಯಾವ ಹಾಳೆಯೂ ಬೇಕಿರಲಿಲ್ಲ.

ವ್ಯಾನಿನವನು ಒಳ್ಳೆಯವನು. ಹಾರನ್ನು ಒತ್ತಿ ಜೀವ ತಿಂದವನೇ ಅತ್ತೆಯನ್ನು ಮಗುವಿನ ಹಾಗೆ ಎತ್ತಿಕೊಂಡು ಇಪ್ಪತ್ತೆರಡು ಮೆಟ್ಟಿಲು ಇಳಿದ. ನಾಲ್ಕು ಪೆಟ್ಟಿಗೆ ಸರಿಸಿ, ಮಿಕ್ಕ ಹುಲ್ಲು ಹರಡಿ ಮಲಗಿಸಿದೆವು. ಸುತ್ತಲೂ ಮೂವತ್ತೊಂದು ಹೊಟ್ಟೆ, ನಡುವೆ ಅತ್ತೆ. ರಸ್ತೆಯ ಒಂದೊಂದು ಗುಂಡಿಗೂ ಅವರ ಬಾಯಿಂದ ಸಣ್ಣ ದನಿ ಹೊರಡುತ್ತಿತ್ತು. ಸಿಗ್ನಲ್ಲಿನಲ್ಲಿ ಕೆಂಪು ಬಿದ್ದಾಗ ಮಾವ ಇಳಿದು ಓಡಲು ಹೊರಟರು. ನಾನು ತೋಳು ಹಿಡಿದು ಎಳೆದೆ. "ನೀವು ಓಡಿದ್ರೆ ಆಸ್ಪತ್ರೆ ಹತ್ರ ಬರಲ್ಲ ಮಾವ, ಕೂತ್ಕೊಳ್ಳಿ" ಅಂತ ಗದರಿದೆ. ಕೂರಲಿಲ್ಲ, ಪೆಟ್ಟಿಗೆಗಳ ನಡುವೆ ಬಗ್ಗಿ ನಿಂತೇ ಬಂದರು.

ಆಸ್ಪತ್ರೆಯಲ್ಲಿ ನೋಡಿದವರು ಸರ್ಜನ್ ಹೆಂಗಸು. ಚಿಕ್ಕ ಆಳು, ಚುರುಕು ಕಣ್ಣು. ಅತ್ತೆಯ ಪಕ್ಕ ನಿಂತು, "ಎಲ್ಲಿ ಶುರುವಾಯ್ತಮ್ಮ ನೋವು?" ಅಂದರು.

"ನಡುವೆ ಶುರುವಾಗಿ ಆಮೇಲೆ ಬಾಗಿಲ ಕಡೆ..." ಅಂತ ಮಾವ ಶುರು ಮಾಡಿದರು.

"ಯಾವ ಬಾಗಿಲು?" ಡಾಕ್ಟರು ಒಮ್ಮೆ ಕೋಣೆಯ ಬಾಗಿಲ ಕಡೆ ನೋಡಿದರು. "ನೀವು ಸುಮ್ಮನಿರಿ. ನೋವು ಅವರದು, ಅವರು ಹೇಳ್ಲಿ."

ಅತ್ತೆ ಹೇಳಿದರು. ಸೋಮವಾರ ಹೊಕ್ಕುಳ, ಮಂಗಳವಾರ ಬಲಗಡೆ, ಬೆಳಿಗ್ಗೆ ಒಮ್ಮೆಗೇ ಇಳೀತು, ಈಗ ಎಲ್ಲ ಕಡೆ. ಡಾಕ್ಟರು ಬಲಭಾಗದಲ್ಲಿ ಮೆಲ್ಲಗೆ ಒತ್ತಿ ಥಟ್ಟನೆ ಕೈ ತೆಗೆದರು. ಅತ್ತೆ ಚೀರಿದರು.

"ಭೇದಿಗೆ ಏನಾದ್ರೂ ಕೊಟ್ರಾ?"

"ಹರಳೆಣ್ಣೆ" ಅಂದೆ ನಾನು.

ಡಾಕ್ಟರ ಮುಖ ಬಿಗಿಯಿತು. "ಏನಂತ ಗೊತ್ತಿಲ್ಲದ ಹೊಟ್ಟೆನೋವಿಗೆ ಭೇದಿಗೆ ಕೊಡ್ತಾರೇನ್ರೀ? ಊದಿಕೊಂಡಿರೋ ಕರುಳನ್ನ ಇನ್ನಷ್ಟು ಹಿಂಡಿದ ಹಾಗೆ. ಅಪೆಂಡಿಕ್ಸ್ ಒಡೆದಿರೋ ಹಾಗಿದೆ. ಬೆಳಿಗ್ಗೆ ನೋವು ಇಳೀತು ಅಂದ್ರಲ್ಲ, ಆಗಲೇ ಒಡೆದಿರಬೇಕು. ಈಗಲೇ ಆಪರೇಷನ್. ಇಲ್ಲಿ ಸೈನ್ ಮಾಡಿ."

ಮಾವ ಸೈನ್ ಮಾಡಿದರು. ಉಗುರಲ್ಲಿ ಕಾಗದದ ಮುದ್ದೆ ಒಣಗಿತ್ತು. ಅದನ್ನು ನೋಡಿ ಡಾಕ್ಟರು, "ಏನು ಕೆಲಸ ನಿಮ್ಮದು?" ಅಂದರು.

"ಹೊಟ್ಟೆ ಮಾಡ್ತೀನಿ. ಶಾಲೆಗಳಿಗೆ." ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಡಾಕ್ಟರು ಸೈನ್ ಮಾಡಿದ ಹಾಳೆ ಎತ್ತಿಕೊಂಡು ಒಳಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಆಪರೇಷನ್ ಕೋಣೆಯ ಮುಂದಿನ ಉದ್ದ ಹಜಾರದಲ್ಲಿ ಮಾವ ಆ ತುದಿಗೂ ಈ ತುದಿಗೂ ನಡೆದರು. ನಾನೂ ನಡೆದೆ. ಎದುರು ಬದುರಾಗಿ ಹಾದುಹೋಗುತ್ತಿದ್ದೆವು. ಎಷ್ಟೋ ಸುತ್ತಿನ ಮೇಲೆ ಅವರು ನಡುವೆ ನಿಂತರು. ಎರಡೂ ಕೈ ಮುಂದೆ ಚಾಚಿ ಎದುರಿಗೆ ಬೊಂಬೆ ಇಟ್ಟುಕೊಂಡ ಹಾಗೆ ಮಾಡಿದರು. ಎಡಗೈ ಹೆಬ್ಬೆರಳು ಇಟ್ಟರು. ಆಮೇಲೆ ಕಾಲು ಎತ್ತಿ ಒಂದು ಹೆಜ್ಜೆ ಮುಂದೆ ಹೋಗಿ, ಆ ಬೊಂಬೆ ಇದ್ದ ಜಾಗದಲ್ಲೇ ತಾವು ನಿಂತು, ಹಿಂದಕ್ಕೆ ತಿರುಗಿದರು. ಕೈ ತಮ್ಮ ಹೊಟ್ಟೆಗೆ ಬಂತು. ಎಡಕ್ಕೆ ಹೋಯಿತು, ನಿಂತಿತು, ಮೆಲ್ಲಗೆ ಬಲಕ್ಕೆ ಬಂತು. ಸ್ಟ್ರೆಚರು ತಳ್ಳುತ್ತಾ ಬಂದವನು, "ದಾರಿ ಬಿಡಿ ಯಜಮಾನ್ರೇ" ಅಂದ. ಅವರು ಬಿಡಲಿಲ್ಲ. ನಾನೇ ಹೋಗಿ ಪಕ್ಕಕ್ಕೆ ಎಳೆದುಕೊಂಡೆ.

ಅಪೆಂಡಿಕ್ಸ್ ಒಡೆದೇ ಇತ್ತು. ಹೊಟ್ಟೆಯೆಲ್ಲ ಕೀವು. ತೊಳೆದು, ಕೊಳವೆ ಇಟ್ಟು ಹೊಲಿದಿದ್ದರು. "ಇನ್ನೊಂದು ದಿನ ಬಿಟ್ಟಿದ್ರೆ ನನ್ನ ಹತ್ರ ಬರೋದೇ ಬೇಕಿರಲಿಲ್ಲ" ಅಂದರು ಡಾಕ್ಟರು. "ಗೆದ್ದಿದೀವಿ ಅಂತ ಈಗಲೇ ಹೇಳಲ್ಲ. ಇಷ್ಟಾದ ಮೇಲೆ ಕರುಳು ಮುನಿಸಿಕೊಂಡು ಸುಮ್ಮನೆ ಮಲಗಿಬಿಡತ್ತೆ. ಅದು ಎದ್ದು ಕೆಲಸ ಶುರು ಮಾಡೋವರೆಗೂ ಒಂದು ತೊಟ್ಟು ನೀರೂ ಕೊಡಬೇಡಿ. ಗಾಳಿ ಹೋದ್ರೆ ಸಿಸ್ಟರಿಗೆ ಹೇಳಿ."

ಅಲ್ಲಿಂದ ಶುರುವಾಯಿತು ನಮ್ಮ ಕಾಯುವಿಕೆ. ಬೊಂಬೆಗಳನ್ನು ವ್ಯಾನಿನವನು ತಾನೇ ಶಾಲೆಗಳಿಗೆ ಹಂಚಿ ಬಂದ. ಗುರುವಾರ ನನ್ನ ಗಂಡ ಬಸ್ಸಿಳಿದು ಚೀಲದ ಸಮೇತ ಓಡಿಬಂದ. ಅತ್ತೆಯ ಮೂಗಿಗೊಂದು ಕೊಳವೆ, ಪಕ್ಕೆಗೊಂದು ಕೊಳವೆ, ಕೈಗೊಂದು ಸೂಜಿ. ಗುರುವಾರ ಡಾಕ್ಟರು ಸ್ಟೆತಸ್ಕೋಪು ಹೊಟ್ಟೆಗಿಟ್ಟು ಬಹಳ ಹೊತ್ತು ಕೇಳಿ ತಲೆ ಅಲ್ಲಾಡಿಸಿದರು. ಶುಕ್ರವಾರವೂ ಅಷ್ಟೇ. ಹೊಟ್ಟೆ ಉಬ್ಬುತ್ತಿತ್ತು. ನಾವು ಮೂವರು ಪಾಳಿ ಹಾಕಿಕೊಂಡು ಕಣ್ಣಲ್ಲಿ ಕಣ್ಣಿಟ್ಟು, ಕಿವಿ ನಿಮಿರಿಸಿ ಒಂದು ಹೂಸಿಗಾಗಿ ಕಾದೆವು. ಬೇರೆ ದಿನವಾಗಿದ್ದರೆ ಈ ಮಾತಿಗೆ ಮನೆಯವರೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಪಕ್ಕದ ಮಂಚದ ಅಜ್ಜಿ ದಿನಕ್ಕೆ ಹತ್ತು ಸಲ ನಿರಾಯಾಸವಾಗಿ ಬಿಡುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಶನಿವಾರ ಬೆಳಿಗ್ಗೆ ಡಾಕ್ಟರು ಮಾವನನ್ನು ಪಕ್ಕಕ್ಕೆ ಕರೆದು ಹೇಳಿದರು. ನಾಳೆಯವರೆಗೆ ನೋಡೋಣ, ಆಗದಿದ್ದರೆ ಮತ್ತೆ ಹೊಟ್ಟೆ ತೆರೆದು ನೋಡಬೇಕಾಗಬಹುದು, ಆದರೆ ಈಗಿರುವ ತ್ರಾಣದಲ್ಲಿ ಅವರು ಅದನ್ನು ತಡೆದುಕೊಳ್ಳುತ್ತಾರೆ ಅಂತ ಭರವಸೆ ಕೊಡಲಾರೆ. ಮಾವ ಬಂದು ನನ್ನ ಗಂಡನಿಗೆ ಹೇಳಲು ಹೋಗಿ ಹೇಳಲಾರದೆ ನನಗೆ ಹೇಳಿದರು.

ಮಧ್ಯಾಹ್ನ ನನ್ನ ಗಂಡ ಔಷಧಿ ತರಲು ಕೆಳಗೆ ಹೋಗಿದ್ದ. ಮಾವ ಮಂಚದ ಸುತ್ತ ಸುತ್ತುತ್ತಿದ್ದವರು ಹತ್ತಿರ ಬಂದು, ಹೊದಿಕೆಯ ಕೆಳಗೆ ಕೈ ತೂರಿಸಿ, ಪಟ್ಟಿ ಇಲ್ಲದ ಜಾಗ ಹುಡುಕಿ ಅಂಗೈ ಇಟ್ಟರು.

"ಸಿಸ್ಟರ್ ಬೈತಾರೆ" ಅಂದರು ಅತ್ತೆ.

"ಬೈಲಿ."

ಇಟ್ಟ ಕೈ ತೆಗೆಯಲಿಲ್ಲ. ಎಷ್ಟು ಹೊತ್ತು ಅಂತ ಹೇಳಲಾರೆ. ಹೊರಗೆ ಯಾರದೋ ಚಕ್ರದ ಕುರ್ಚಿ ಕಿರುಗುಡುತ್ತಾ ಹೋಯಿತು, ಬಂತು. ಒಮ್ಮೆಲೇ ಮಾವ ತಲೆಯೆತ್ತಿದರು.

"ಅಲ್ಲಾಡ್ತು."

"ಏನು?"

"ಒಳಗೆ. ಗುಳುಕ್ ಅಂತು. ತಡಿ, ಮಾತಾಡಬೇಡ... ಮತ್ತೆ! ಅಮ್ಮಾ, ಇಲ್ಲಿ ಬಾ, ಕೈಯಿಡು!"

ನಾನು ಕೈಯಿಟ್ಟೆ. ಬಿಗಿದ ಚರ್ಮದ ಕೆಳಗೆ ಏನೋ ಹೊರಳಿತು. ಬಾಯಿಂದ ಗುದದವರೆಗೆ ಹದಿನೆಂಟು ನಂಬರು ಬರೆದ ಕೈ ಇದು, ಒಂದು ಕರುಳು ನಡೆಯುವುದನ್ನು ಅದು ಮುಟ್ಟಿರಲಿಲ್ಲ. ಅತ್ತೆಯ ಮುಖ ಕೆಂಪಾಯಿತು. ಸೊಸೆಯ ಮುಂದೆ, ಗಂಡನ ಮುಂದೆ, ಇಡೀ ವಾರ್ಡಿನ ಮುಂದೆ ತಡೆಯಲು ನೋಡಿದರು. ತಡೆಯಲು ಆಗಲಿಲ್ಲ. ಉದ್ದವಾಗಿ, ದಪ್ಪ ಬಟ್ಟೆ ಹರಿದ ಹಾಗೆ ಬಂತು.

"ಸಿಸ್ಟರ್!" ಮಾವ ಕೂಗಿದ್ದು ಮೂರು ವಾರ್ಡಿಗೆ ಕೇಳಿಸಿರಬೇಕು. "ಸಿಸ್ಟರ್, ಹೋಯ್ತು! ನನ್ನ ಹೆಂಡತಿಗೆ ಹೋಯ್ತು!"

ಪಕ್ಕದ ಮಂಚದ ಅಜ್ಜಿ ಚಪ್ಪಾಳೆ ತಟ್ಟಿದರು. ಸಿಸ್ಟರು ನಗುತ್ತಾ ಓಡಿಬಂದರು. ಸ್ವಲ್ಪ ಹೊತ್ತಿನಲ್ಲಿ ಡಾಕ್ಟರೂ ಬಂದು, ಸ್ಟೆತಸ್ಕೋಪು ಇಟ್ಟು, ಮೊದಲ ಸಲ ಮುಗುಳ್ನಕ್ಕು, "ಇನ್ನು ಭಯ ಇಲ್ಲ" ಅಂದು ಹೋದರು. ಮಾವ ಮಂಚದ ಕಂಬಿ ಹಿಡಿದು ಗಳಗಳ ಅತ್ತರು. ಮುಚ್ಚಿಡಲೂ ಇಲ್ಲ, ಒರೆಸಿಕೊಳ್ಳಲೂ ಇಲ್ಲ.

"ತಪ್ಪಾಯ್ತು ಕಣೇ" ಅಂದರು. "ಕೊಂದೇಬಿಡ್ತಿದ್ದೆ ನಿನ್ನ."

ಅತ್ತೆ ಅವರ ಕೈ ತಟ್ಟಿದರು. ನನಗೆ ಆ ಸಮಾಧಾನ ಸಾಲಲಿಲ್ಲ. ನಾಲ್ಕು ದಿನದಿಂದ ಒಳಗೆ ಕೂತಿದ್ದ ಸಿಟ್ಟು, ಮಾವನ ಮೇಲೋ ನನ್ನ ಮೇಲೋ ತಿಳಿಯದ ಸಿಟ್ಟು, ಅತ್ತೆಯ ಮೇಲೆಯೇ ಹಾರಿತು.

"ಬಲಗಡೆ ಬಲಗಡೆ ಅಂತ ಹೇಳ್ತಾನೇ ಇದ್ರಲ್ಲ ಅತ್ತೆ. ಹದಿನಾಲ್ಕೇ ಇರಬಹುದು ಅಂತ ನೀವೇ ಕೇಳಿದ್ರಿ. ನಾವು ಇಲ್ಲ ಅಂದ ತಕ್ಷಣ ಯಾಕೆ ಸುಮ್ಮನಾದ್ರಿ? ಕೂಗಾಡಬಾರದಿತ್ತಾ? ಜಗಳ ಆಡಬಾರದಿತ್ತಾ?"

ಅತ್ತೆ ನನ್ನನ್ನೇ ನೋಡಿದರು. ಕೊಳವೆಯಿಂದಾಗಿ ದನಿ ಒಡೆದಿತ್ತು. ದೂರುವ ದನಿಯಲ್ಲ, ಆಡಿಕೊಳ್ಳುವ ದನಿಯೂ ಅಲ್ಲ. ಕೇಳಿದ್ದಕ್ಕೆ 'ಉಪ್ಪು ಅಲ್ಲಿದೆ' ಅಂತ ಹೇಳುವಷ್ಟು ಸಹಜವಾಗಿ ಹೇಳಿದರು.

"ಅವರು ಮೂವತ್ತೆಂಟು ವರ್ಷದಿಂದ ಹೊಟ್ಟೆ ಮಾಡ್ತಿರೋರು. ನೀನು ಹನ್ನೊಂದು ವರ್ಷದಿಂದ ಬಣ್ಣ ಹಚ್ತಿರೋಳು. ಇಬ್ರೂ ಸೇರಿ ಎಡಗಡೆ ಅಂದ್ರಿ. ನನ್ನ ಹೊಟ್ಟೆನೇ ತಪ್ಪಿರಬೇಕು ಅಂದ್ಕೊಂಡೆ ಕಣೇ."